ವೆಂಕಟರತ್ನಮ್ಮನ ಜಂಟಿ ಖಾತೆ

ಶ್ರೀನಿವಾಸಪುರದ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ೧೯೭೯ನೆಯ ಇಸವಿಯ ಒಂದು ಘಟನೆಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಡಬೇಕಾಗುತ್ತದೆ. ಮಹಿಳಾ ಸಮಾಜದಲ್ಲಿ ಹೊಲಿಗೆ ಕಲಿಸುವ ವೆಂಕಟರತ್ನಮ್ಮ ತನ್ನ ಆಪತ್ಕಾಲದ ದುಡ್ಡನ್ನು ಸಾಸಿವೆ ಡಬ್ಬಿಯಿಂದ ಹೊರಗೆ ತೆಗೆಯಲು ತೀರ್ಮಾನಿಸಿದಳು.

ತೀರ್ಮಾನಕ್ಕೆ ಕಾರಣ ಸಂಕ್ರಾಂತಿಯ ಚಳಿಯಲ್ಲಿ ಬಂದ ಜ್ವರ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಊರಿನ ಅರ್ಧ ಹೆಂಗಸರ ರವಿಕೆಯ ಅಳತೆ ಅವಳಿಗೆ ಬಾಯಿಪಾಠ. ಆದರೆ ಅಳತೆ ಕೊಟ್ಟವರು ರವಿಕೆ ಒಯ್ಯುವ ದಿನ ಬಂದಾರೇ ಹೊರತು ಸುಮ್ಮನೆ ಬರುವವರಲ್ಲ. ಜ್ವರದಲ್ಲಿ ಚಾಪೆಯ ಮೇಲೆ ಮಲಗಿ ಅಟ್ಟದ ಮೇಲಿನ ಡಬ್ಬಿಯನ್ನು ನೋಡುತ್ತಿದ್ದಳು. ದುಡ್ಡು ಅಲ್ಲಿತ್ತು, ಮಾತ್ರೆ ಅಂಗಡಿಯಲ್ಲಿತ್ತು. ಅಲ್ಲಿಂದ ಇಲ್ಲಿಗೆ ತರುವ ಜನ ಇರಲಿಲ್ಲ.

ಆಗ ನಡುಗೋಡೆಯಾಚೆಯಿಂದ ಒಂದು ಮಾತು ಕೇಳಿಸಿತ್ತು. "ಏನೇ, ಪಕ್ಕದ ಮನೆ ಮಿಷಿನ್ ಸದ್ದೇ ಇಲ್ವಲ್ಲೇ ಎರಡು ದಿನದಿಂದ?"

ಕೇಳಿದವಳು ಆಂಜಿನಮ್ಮ. ಕೇಳಿದ್ದು ತನ್ನ ಕೋಳಿಯನ್ನು. ಮಗಳನ್ನು ಮಾಲೂರಿಗೆ ಕೊಟ್ಟ ಮೇಲೆ ಅವಳೂ ಆ ಮನೆಯಲ್ಲಿ ಒಬ್ಬಳೇ. ಹೋದ ಬೇಸಿಗೆಯಲ್ಲಿ ಆ ಕೋಳಿ ವೆಂಕಟರತ್ನಮ್ಮ ಉಪ್ಪು ಹಚ್ಚಿ ಒಣಗಹಾಕಿದ್ದ ಮಾವಿನ ಹೋಳುಗಳ ಮೇಲೆ ಓಡಾಡಿತ್ತು. ಇವಳು ಸೌದೆ ತುಂಡು ಬೀಸಿದ್ದಳು, ಕೋಳಿ ಕುಂಟಾಗಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಹೇಳಲೇಬೇಕಾದದ್ದನ್ನು ಕೋಳಿಗೆ ಹೇಳುತ್ತಿದ್ದರು, ಗೋಡೆಯಾಚೆಗೆ ಕೇಳಿಸುವಷ್ಟು ಗಟ್ಟಿಯಾಗಿ. ಜ್ವರದ ದಿನ ವೆಂಕಟರತ್ನಮ್ಮ ಉತ್ತರ ಕೊಡಲಿಲ್ಲ. ಶಕ್ತಿಯೂ ಇರಲಿಲ್ಲ, ಮನಸ್ಸೂ ಬರಲಿಲ್ಲ. ಜ್ವರ ತಾನಾಗಿಯೇ ಬಿಟ್ಟಿತು. ಬಿಡದೇ ಇದ್ದಿದ್ದರೆ ಎಂಬ ಯೋಚನೆ ಮಾತ್ರ ಬಿಡಲಿಲ್ಲ.

ಮೊದಲು ಪೋಸ್ಟಾಫೀಸಿಗೆ ಹೋದಳು. ಪೋಸ್ಟ್ ಮಾಸ್ತರು ಶ್ರೀನಿವಾಸಪ್ಪ ಹೆಮ್ಮೆಯಿಂದ ಹೇಳಿದರು: "ಸರ್ಕಾರದ್ದು ಕಣಮ್ಮ. ಇಲ್ಲಿಟ್ಟ ದುಡ್ಡು ಅಲ್ಲಾಡಲ್ಲ."

"ನನಗೆ ಬೇಕಾದಾಗ ಅಲ್ಲಾಡಬೇಕಲ್ಲ ಸಾರ್."

ಚೀಟಿ ನಡೆಸುವ ಮುನಿಯಲ್ಲಮ್ಮ, "ನಿನ್ನ ಸರದಿ ಬಂದಾಗ ಎತ್ಕೊಳ್ಳೇ ಅಕ್ಕಾ," ಎಂದಳು.

"ಜ್ವರಕ್ಕೂ ಸರದಿ ಕಾಯೋಕೆ ಹೇಳ್ತೀಯಾ?"

ಕೊನೆಗೆ ಬ್ಯಾಂಕು. ಮ್ಯಾನೇಜರು ಘಟ್ಟದ ಕೆಳಗಿನವರು, ಅಚ್ಚು ಹಾಕಿದಂತೆ ಮಾತಾಡುವವರು. ಮೊದಲು ಫಿಕ್ಸೆಡ್ ಡಿಪಾಸಿಟ್ಟಿನ ಬಡ್ಡಿಯನ್ನು ಹೊಗಳಿದರು. ಅವಧಿ ಮುಗಿಯುವವರೆಗೆ ಮುಟ್ಟಬಾರದೆಂದು ತಿಳಿದು ಅವಳು ಬೇಡವೆಂದು ತಲೆಯಾಡಿಸಿದಳು. ಬಡ್ಡಿ ಕಡಿಮೆಯಾದರೂ ಚಿಂತೆಯಿಲ್ಲ, ದುಡ್ಡು ಬೇಕೆಂದಾಗ ಬರಬೇಕು.

"ಹಾಗಾದರೆ ಉಳಿತಾಯ ಖಾತೆ. ನೀವು ಬರುವುದು, ಸಹಿ ಹಾಕುವುದು, ಟೋಕನ್ ಹಿಡಿದು ಕೂರುವುದು. ಅಷ್ಟೇ."

"ಏಳೋಕೇ ಆಗದಿದ್ರೆ?"

"ಮನೆಯವರನ್ನು ಕಳುಹಿಸಿ."

"ಮನೇಲಿ ಮಿಷಿನ್ ಐತೆ ಸಾರ್. ಹೊಲಿಗೆ ಮಿಷಿನ್."

ಮ್ಯಾನೇಜರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಜಂಟಿ ಖಾತೆ ಎಂದೊಂದಿದೆ, ಇಬ್ಬರಲ್ಲಿ ಯಾರು ಬಂದು ಸಹಿ ಹಾಕಿದರೂ ದುಡ್ಡು ಸಿಗುತ್ತದೆ, ಇನ್ನೊಂದು ಹೆಸರು ಯೋಚಿಸಿಕೊಂಡು ಬನ್ನಿ ಎಂದರು.

ಇನ್ನೊಂದು ಹೆಸರು ಕರೆಯದೆಯೇ ಮುಳಬಾಗಿಲಿನಿಂದ ಬಸ್ಸು ಹತ್ತಿ ಬಂತು. ಖಾತೆಯ ಸುದ್ದಿ ಕೇಳಿ ಬಂದ ತಮ್ಮ ಆವಲಪ್ಪ ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಶುರುಮಾಡಿದ.

"ನನ್ನ ಹೆಸರು ಹಾಕ್ಸಕ್ಕಾ. ರಕ್ತ ಸಂಬಂಧ ಅಂದ್ರೆ ಸುಮ್ನೇನಾ? ಅಂದಂಗೆ ನಮ್ಮ ಪಂಪ್‌ಸೆಟ್ ಸುಟ್ಟೋಯ್ತು ಕಣಕ್ಕಾ. ಹಿಪ್ಪುನೇರಳೆ ಎಲ್ಲಾ ಬಾಡ್ತಾ ಐತೆ. ಅದೂ ಆಪತ್ತೇ ಅಲ್ವಾ?"

"ಆಪತ್ತೇ ಕಣೋ," ಎಂದಳು ವೆಂಕಟರತ್ನಮ್ಮ. ಊಟ ಹಾಕಿ ಸಂಜೆಯ ಬಸ್ಸಿಗೆ ಕಳಿಸಿದಳು.

ಬಸ್‌ಸ್ಟ್ಯಾಂಡಿನಿಂದ ಮರಳಿ ದೀಪ ಹಚ್ಚಿ ಕುಳಿತಾಗ ಗೋಡೆಯಾಚೆ ಕೆಮ್ಮು ಕೇಳಿಸಿತು. ಆ ಮನೆಯಲ್ಲಿ ಕೆಮ್ಮಿದರೆ ಇಲ್ಲಿ ಕೇಳಿಸುತ್ತದೆ, ಇಲ್ಲಿ ಬಿದ್ದರೆ ಅಲ್ಲಿ ಕೇಳಿಸುತ್ತದೆ. ಅವಳಿಗೆ ಜಗಳದ ಸಂಜೆ ನೆನಪಾಯಿತು. ಬೈಗುಳದ ಗಂಟಲು ಆರುವ ಮುಂಚೆಯೇ ಆಂಜಿನಮ್ಮ ತನ್ನಿಂದ ಕೈಗಡ ಒಯ್ದಿದ್ದಷ್ಟೇ ಹುಣಿಸೆಹಣ್ಣನ್ನು ಅಂಗಡಿಯಲ್ಲಿ ತೂಗಿಸಿ ತಂದು ಹೊಸ್ತಿಲ ಮೇಲೆ ಇಟ್ಟುಹೋಗಿದ್ದಳು. ಬೀಜವನ್ನೂ ತೆಗೆಸಿರಲಿಲ್ಲ, ಒಯ್ದಾಗ ಬೀಜವಿತ್ತಲ್ಲ.

ಬೆಳಗ್ಗೆ ವೆಂಕಟರತ್ನಮ್ಮ ಹಿತ್ತಿಲಿಗೆ ಬಂದು ನುಚ್ಚು ಎರಚಿದಳು. ಕೋಳಿ ಕುಂಟುತ್ತಾ ಬಂತು.

"ನೋಡೇ, ಬ್ಯಾಂಕಲ್ಲಿ ನನ್ನ ಜೊತೆ ಇನ್ನೊಂದು ಹೆಸರು ಬೇಕಂತೆ," ಎಂದಳು ಅದಕ್ಕೆ.

ಗೋಡೆಯಾಚೆ ಪೊರಕೆ ನಿಂತಿತು. "ನಿನ್ನ ಕಾಲು ಮುರಿದೋರ ದುಡ್ಡು ನಮಗ್ಯಾಕೆ ಅಂತ ಕೇಳೇ."

"ದುಡ್ಡು ಯಾರೂ ಕೊಡ್ತಿಲ್ಲ ಅಂತ ಹೇಳು. ನಾನು ಬಿದ್ದಾಗ ಹೋಗಿ ತರೋರು ಬೇಕು, ಅಷ್ಟೇ."

ಕೋಳಿ ನುಚ್ಚು ಹೆಕ್ಕುತ್ತಲೇ ಇತ್ತು. ಆಚೆಯಿಂದ ಪ್ರಶ್ನೆ ಬಂತು: "ಯಾವತ್ತಂತೆ?"

"ಸೋಮವಾರ."

ಸೋಮವಾರ ಇಬ್ಬರೂ ರಸ್ತೆಯ ಎರಡು ಬದಿ ಹಿಡಿದು ನಡೆದು ಬ್ಯಾಂಕು ಸೇರಿದರು. ಆಂಜಿನಮ್ಮ ರಾತ್ರಿಶಾಲೆಯಲ್ಲಿ ಕಲಿತ ಸಹಿಯನ್ನು ಒಂದೊಂದೇ ಅಕ್ಷರವಾಗಿ ಇಳಿಸಿದಳು.

"ಸಂಬಂಧ?" ಎಂದರು ಮ್ಯಾನೇಜರು.

ಇಬ್ಬರೂ ಬೇರೆ ಬೇರೆ ಕಿಟಕಿ ನೋಡಿದರು. ಕೊನೆಗೆ ಆಂಜಿನಮ್ಮ, "ಒಂದೇ ಗೋಡೆ ಸಾರ್," ಎಂದಳು.

ಅವಳು ನೀರು ಕುಡಿಯಲು ಎದ್ದಾಗ ಮ್ಯಾನೇಜರು ದನಿ ತಗ್ಗಿಸಿದರು. "ಇವರ ಮೇಲೆ ನಂಬಿಕೆ ಇದೆಯಲ್ಲವೇ ಅಮ್ಮಾ?"

"ಬೇಕಾದೋರಾದ್ರೆ ಸಾಲ ಕೇಳ್ತಾರೆ ಸಾರ್. ಇವಳು ನನ್ನ ಹತ್ರ ಮಾತೇ ಆಡಲ್ಲ."

ಪಾಸ್‌ಬುಕ್ಕು ಕೈಗೆ ಬಂದಾಗ ವೆಂಕಟರತ್ನಮ್ಮ ಅದನ್ನು ಬೆಂಚಿನ ಮೇಲೆ ಇಟ್ಟು ಹೊರಟುಬಿಟ್ಟಳು. ಆಂಜಿನಮ್ಮ ತೆಗೆದುಕೊಂಡಳು. ಅಂದಿನಿಂದ ವೆಂಕಟರತ್ನಮ್ಮ ರಾತ್ರಿ ಬಾಗಿಲಿಗೆ ಚಿಲಕ ಹಾಕುವುದನ್ನು ಬಿಟ್ಟಳು.

ಜ್ವರ ಮಳೆಗಾಲದಲ್ಲಿ ಮರಳಿ ಬಂತು. ಮಿಷಿನ್ನಿನ ಸದ್ದು ನಿಂತ ಮರುದಿನ ಬಾಗಿಲು ತೆರೆಯಿತು. ಆಂಜಿನಮ್ಮ ಕಾಂಪೌಂಡರ್ ಗಂಗುಲಪ್ಪನನ್ನು ಮುಂದೆ ಬಿಟ್ಟುಕೊಂಡು ಬಂದಿದ್ದಳು. ಸೂಜಿ ಚುಚ್ಚುವವರೆಗೂ ಗೋಡೆಯ ಕಡೆ ತಿರುಗಿ ನಿಂತಿದ್ದಳು.

"ಗಂಜಿ ಒಲೆ ಮೇಲೈತೆ, ಬಿಸಿ ಇರೋವಾಗ್ಲೇ ಕುಡೀಬೇಕು ಅಂತ ಹೇಳಿ ಸಾರ್," ಎಂದಳು.

ಗಂಗುಲಪ್ಪ ಹೇಳಿದ. ವೆಂಕಟರತ್ನಮ್ಮ ತಲೆಯಾಡಿಸಿದಳು. ಬ್ಯಾಂಕಿನಿಂದ ತಂದದ್ದರಲ್ಲಿ ಮಿಕ್ಕ ನೋಟುಗಳನ್ನು ಆಂಜಿನಮ್ಮ ಮಿಷಿನ್ನಿನ ಸೂಜಿಯ ಕೆಳಗೆ, ಬಟ್ಟೆ ಸಿಕ್ಕಿಸುವ ಹಾಗೆ, ಸಿಕ್ಕಿಸಿ ಹೋದಳು.

ಮೈ ಸುಧಾರಿಸಿದ ಬೆಳಗ್ಗೆ ವೆಂಕಟರತ್ನಮ್ಮ ಹಿಡಿ ನುಚ್ಚು ತೆಗೆದುಕೊಂಡು ಹಿತ್ತಿಲಿಗೆ ಬಂದಳು. ಹೇಳಬೇಕಾದದ್ದು ಒಂದಿತ್ತು. ನುಚ್ಚು ಎರಚಲು ಕಾದಳು, ಕೋಳಿ ಬರಲಿಲ್ಲ. ಆಂಜಿನಮ್ಮನ ಅಳಿಯ ಮಾಲೂರಿನಿಂದ ಬಂದ ದಿನವೇ ಕೋಳಿ ಸಾರಾಗಿತ್ತೆಂದು ಅವಳಿಗೆ ಆಮೇಲೆ ತಿಳಿಯಿತು. ಗೋಡೆಯಾಚೆ ಪೊರಕೆ ಆಡುತ್ತಿತ್ತು, ಒಮ್ಮೆ ನಿಂತಿತು, ಮತ್ತೆ ಆಡಿತು. ವೆಂಕಟರತ್ನಮ್ಮ ನುಚ್ಚನ್ನು ಡಬ್ಬಿಗೆ ಸುರಿದು ಮಿಷಿನ್ನಿನ ಮುಂದೆ ಕುಳಿತು ಗೋಡೆಯಾಚೆಗೆ ಕೇಳಿಸುವಷ್ಟು ಜೋರಾಗಿ ತುಳಿದಳು.

ಖಾತೆ ಇಬ್ಬರ ಹೆಸರಿನಲ್ಲೇ ಮುಂದುವರಿಯಿತು.