ಉಸಿರು ಹಿಡಿಯಬ್ಯಾಡ ಭೀಮಶಿ

“ಹಡಗು ಮುಳುಗಿದ್ದು ಸಾಲದಂತ ನೀವೂ ಮುಳುಗಾಕ ಹೊಂಟೀರೇನ್ರಿ?”

ಯಲ್ಲಕ್ಕ ಬೆಳಗಿನಿಂದ ಇದನ್ನೇ ಕೇಳುತ್ತಿದ್ದಳು. ಗಂಡ ಭೀಮಶಿ ನಗುತ್ತ ಚೀಲ ತುಂಬುತ್ತಿದ್ದ. ಕುಲಗೋಡದ ಸುತ್ತ ಯಾರ ಬಾವಿಗೆ ಕೊಡ ಬೀಳಲಿ, ಪಂಪಿನ ಮೋಟಾರು ಬೀಳಲಿ, ಜನ ಕರೆಯುವುದು ಅವನನ್ನೇ. ಎದೆ ತುಂಬ ಉಸಿರು ಹಿಡಿದು ತಳಕ್ಕೆ ಹೋದನೆಂದರೆ ಮೇಲೆ ನಿಂತವರಿಗೇ ಉಸಿರು ಕಟ್ಟಬೇಕು. ಅಂಥವನು ನಾಳೆ ನಸುಕಿನಲ್ಲಿ ಹುಕ್ಕೇರಿಯ ಗೆಳೆಯ ಸಿದ್ರಾಯನ ಜೊತೆ ಗೋವಾಕ್ಕೆ ಹೊರಟಿದ್ದ. ಅಲ್ಲಿ ಸಮುದ್ರದಲ್ಲಿ, ಹೆಚ್ಚು ಆಳವಿಲ್ಲದ ಕಡೆ, ಹಳೆಯ ಹಡಗೊಂದು ಮುಳುಗಿ ಕೂತಿದೆಯಂತೆ. ನೀರೂ ಬೆಚ್ಚಗಂತೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದರೆ, ಹಡಗಿನ ಕಬ್ಬಿಣದ ಸಂದಿಗಳಲ್ಲಿ ಮೀನು ಓಡಾಡುವುದನ್ನು ಕಣ್ಣಾರೆ ನೋಡಬಹುದು. ಇದಕ್ಕೆ ಸ್ಕೂಬಾ ಅನ್ನುತ್ತಾರೆ.

ಯಲ್ಲಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಎದ್ದು ಎಮ್ಮೆಗೆ ನೀರಿಟ್ಟಳು. ಬಾಗಿಲಿಗೆ ಹೋಗಿ ನಿಂತಳು. ಒಳಗೆ ಬಂದು ನೋಡಿದರೆ ಹಂಚಿನ ಮೇಲೆ ರೊಟ್ಟಿ ಕರಕಲಾಗಿತ್ತು. ಕೊನೆಗೆ ಅನುರಾಧಾಳಿಗೆ ಫೋನ್ ಹಚ್ಚಿದಳು. ಕಲ್ಲೋಳಿಯ ಅನುರಾಧಾ ಇವಳ ಸಾಲೆಯ ಗೆಳತಿ. ಕರಾವಳಿಯಲ್ಲಿ ಇದೇ ಸ್ಕೂಬಾ ಕಲಿಸುವ ತರಬೇತುದಾರಳು. ರಜೆಗೆ ಊರಿಗೆ ಬಂದಿದ್ದವಳು ಸ್ಕೂಟಿ ಹತ್ತಿ ಬಂದೇಬಿಟ್ಟಳು.

“ಬರ್ರಿ ಟೀಚರ್ ಬಾಯಾರ,” ಎಂದ ಭೀಮಶಿ. “ಮೀನಿಗೆ ಈಜು ಕಲಸಾಕ ಬಂದ್ರೇನು?”

“ಮೀನಿಗೆ ಕಲಸಾಕ ನಾ ಯಾರ್ರಿ? ಚಾ ಕುಡ್ಯಾಕ ಬಂದೇನಿ. ಅಲ್ಲಿ ನೀರಿಗೆ ಇಳಿಸೂ ಮೊದಲ ಏನರ ಕಲಸ್ತಾರಂತೇನು?”

“ಹೊಸಬರಿಗೆ ಕಲಸ್ತಾರಂತ. ನಾ ದೋಣಿ ಏಜೆಂಟಗ ಹೇಳಿಬಿಟ್ಟೇನಿ, ನಾ ಬಾವಿ ಮನಿಶ್ಯಾ, ತರಬೇತಿ ಗಿರಬೇತಿ ಬ್ಯಾಡ, ಸೀದಾ ಹಡಗಿಗೆ ಬಿಡ್ರಿ ಅಂತ. ಅಂವಾನೂ ಆತ್ ಬಿಡ್ರಿ ಅಂದ.”

ಅನುರಾಧಾ ಚಹದ ಬಟ್ಟಲು ಕೆಳಗಿಟ್ಟಳು.

“ಬಾವಿ ತಳದಾಗಿಂದ ಮ್ಯಾಲ ಹೆಂಗ ಬರ್ತೀರಿ?”

“ಬಾಯಿ ಬಿಗಿ ಹಿಡದು, ತಳಾ ಒದ್ದು, ಬಾಣ ಬಂದಂಗ ಬರ್ತೇನಿ!”

“ಸಿಲಿಂಡರ್ ಕಟ್ಕೊಂಡು ಹಂಗ ಬಂದ್ರ ಜೀವಕ್ಕ ಬರತೈತ್ರಿ.”

ಯಲ್ಲಕ್ಕ ಗೋಡೆಗೆ ಆತು ನಿಂತಳು. ಭೀಮಶಿಗೆ ಸಿಟ್ಟು ಬಂತು. “ಏನ್ ಹೆದರಸ್ತೀರಿ? ಸಣ್ಣಾಂವ ಇದ್ದಾಗಿಂದ ಹಂಗ ಬಂದೇನಿ.”

“ಬಾವ್ಯಾಗ ನೀವು ಉಸಿರು ತುಂಬ್ಕೊಳ್ಳೂದು ಮ್ಯಾಲ. ಒಳಗ ಹೋದಂಗ ನೀರಿನ ಒತ್ತಡಕ್ಕ ಅದು ಕುಗ್ಗತೈತಿ, ಮ್ಯಾಲ ಬಂದ್ರ ಮೊದಲಿನಷ್ಟ ಆಗತೈತಿ. ಸಿಲಿಂಡರಿಂದು ಹಂಗಲ್ಲ. ತಳದಾಗ ಕೂತು ಎದಿ ತುಂಬ ತಗೋತೀರಿ, ಮ್ಯಾಲ ಬಂದಂಗ ಅದು ಹಿಗ್ಗತೈತಿ. ಬಾವಿಗೆ ಬಿದ್ದ ಕೊಡದಾಗ ಗಾಳಿ ಸಿಕ್ಕೊಂಡಿರತೈತಲ್ಲ, ಹೊರಳಿಸಿದ್ರ ಗುಳ್ಳಿ ಹೆಂಗ ಏಳತಾವು? ನೀವ ಹೇಳ್ರಿ.”

“ತಳದಾಗ ಸಣ್ಣಾಗಿ ಹೊಂಡತಾವು. ಮ್ಯಾಲ ಬಂದಂಗ ದೊಡ್ಡವಾಗತಾವು.”

“ಅವಕ್ಕ ದೊಡ್ಡದಾಗಾಕ ಬಾವಿ ತುಂಬ ಜಾಗಾ ಐತಿ. ನಿಮ್ಮ ಎದಿಯೊಳಗ?”

ಭೀಮಶಿ ಕೈಯಿಂದ ಎದೆ ಸವರಿಕೊಂಡ. “ಆಳ ಭಾಳಿಲ್ಲಂತಲ್ರಿ...”

“ಗಾಳಿ ಭಾಳ ಹಿಗ್ಗೂದ ಮ್ಯಾಲಿನ ನೀರಾಗ್ರಿ. ಆಳಿಲ್ಲಂತ ಉಸಿರು ಹಿಡದು ಬಂದ್ರೂ ಫುಪ್ಪುಸ ಹರೀತೈತಿ.”

“ಹಂಗಾರ ಹಿಡಿಯೂದಿಲ್ಲ, ಮುಗೀತಿಲ್ಲ? ಇಷ್ಟ್ ಸಣ್ಣ ಮಾತಿಗೆ ತರಬೇತಿ ಅಂತ ತರಬೇತಿ!”

“ಸಣ್ಣ ಮಾತೇನು? ನಡ್ರಿ ಬಾವಿಗೆ.”

ಮನೆಯ ಹಿಂದೆ ಕಬ್ಬಿನ ಬದುವಿನಲ್ಲೇ ಬಾವಿ. ತಳ ಮುಟ್ಟಿ, ಸಣ್ಣಗೆ ಉಸಿರು ಬಿಡುತ್ತ ಸಾವಕಾಶ ಮೇಲೆ ಬರಬೇಕು, ಇಷ್ಟೇ ಎಂದಳು ಅನುರಾಧಾ. ಭೀಮಶಿ ಹಾರಿದ. ಬಂದಾಗ ಗಲ್ಲ ಎರಡೂ ಉಬ್ಬಿದ್ದವು. “ಏ, ಮರತೆ ತಡೀರಿ,” ಎಂದು ದಮ್ಮು ತಗೊಂಡು ಮತ್ತೆ ಹೋದ. ಮತ್ತೆ ಅದೇ ಬಿಗಿದ ಬಾಯಿ, ಅದೇ ಬಾಣ. ಇನ್ನೊಂದು ಸಲಕ್ಕೆ ಮೇಲೆದ್ದವನು ಅಂಗೈಯಿಂದ ನೀರಿಗೆ ಹೊಡೆದ. ಮುಖದ ನಗೆ ಹೋಗಿತ್ತು.

“ನೆನಪಿತ್ತು. ಖರೇನ ನೆನಪಿತ್ತು. ಬಾಯಿ ತಾನ ಮುಚ್ಚಿಕೊಂತು.”

“ಹೋಗಬ್ಯಾಡ್ರಿ,” ಎಂದಳು ಯಲ್ಲಕ್ಕ.

“ಹೋಗಬ್ಯಾಡ ಅನ್ನೂದಿಲ್ಲವಾ ನಾ,” ಎಂದಳು ಅನುರಾಧಾ. “ಸಮುದ್ರ ನೋಡೂವಂಥದ್ದ ಐತಿ. ಕಲತು ಹೋಗಲಿ. ಈ ಬಾವಿ ಆಟ ತರಬೇತಿ ಅಲ್ಲ, ಅವ್ರ ಚಟಾ ಅವ್ರಿಗೆ ತೋರಿಸಿದೆ ಅಷ್ಟ. ಮೊದಲ ಎದಿಮಟ ನೀರಾಗ ಸಿಲಿಂಡರ್ ಕಟ್ಟಿ, ಉಸಿರು ಆಡಕೋತನ ಇರೂದು ಕಲಸ್ತಾರ. ‘ನನಗ ಉಸಿರು ಹಿಡಿಯೂ ಚಟಾ ಐತ್ರಿ’ ಅಂತ ನಾಚಲಾರದ ಹೇಳ್ಬೇಕು. ನೆಗಡಿ ಇದ್ರ ಇಳೀಬಾರದು. ಮತ್ತ ಒಂದು. ನಮ್ಮ ಮಂದಿ ಮುಂಜಾನೆ ಇಳಿದು ಸಂಜಿಕ ಘಾಟ್ ಹತ್ತಿ ಊರಿಗೆ ಓಡಿ ಬರತಾರ. ನೀರಾಗಿಂದ ಬಂದ ಮೈ ಅವತ್ತ ಗುಡ್ಡಾ ಏರಿದ್ರ ರಕ್ತದಾಗ ಗಾಳಿ ಗುಳ್ಳಿ ಕಟ್ಟಬಹುದು. ಒಂದ ರಾತ್ರಿ ಕೆಳಗ ಇದ್ದು ಬರ್ಬೇಕು.”

ಭೀಮಶಿ ನೀರು ಸುರಿಸುತ್ತಲೇ ಮೆಟ್ಟಿಲ ಮೇಲೆ ಕೂತು ಸಿದ್ರಾಯನಿಗೆ ಫೋನ್ ಹಚ್ಚಿ, ಆ ಏಜೆಂಟನ ದೋಣಿ ಬೇಡ ಎಂದ.

“ಏನೋ, ಹೆಂಡ್ತಿ ಹೆದರಿಸಿದಳೇನು?” ಎಂದ ಅತ್ತಲಿಂದ ಸಿದ್ರಾಯ.

“ಹೆಂಡ್ತಿ ಅಲ್ಲೋ, ನನ್ನ ಬಾಯಿನ ನನಗ ಹೆದರಿಸ್ತು. ಕಲಸಲಾರದ ದೋಣಿ ನಮಗ ಬ್ಯಾಡ. ಬ್ಯಾರೇದು ಸಿಕ್ರ ಹೋಗೂಣು, ಸಿಗಲಿಲ್ಲಂದ್ರ ಮುಂದ ನೋಡೂಣು. ಮುಳುಗಿದ ಹಡಗು ಎಲ್ಲಿ ಓಡಿ ಹೋಗತೈತಿ?”

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಸಮುದ್ರ ನೋಡಲು ಹೊರಡುವ ಅಣ್ಣಂದಿರೇ, ಅಕ್ಕಂದಿರೇ, ಸಂತೋಷದಿಂದ ಹೋಗಿ ಬನ್ನಿ. ಆದರೆ ಹೊಳೆ ದಾಟಿದ್ದೇನೆ, ಬಾವಿ ಮುಳುಗಿದ್ದೇನೆ ಎಂಬ ಹಮ್ಮಿನಲ್ಲಿ ತರಬೇತಿ ಬಿಡಬೇಡಿ. ಅರ್ಹ ತರಬೇತುದಾರ ಜೊತೆಗಿಲ್ಲದ ದೋಣಿ ಹತ್ತಬೇಡಿ. ಸಿಲಿಂಡರ್ ಬೆನ್ನಿಗಿರುವಾಗ ಉಸಿರು ಹಿಡಿಯಲೇಬೇಡಿ, ಅವಸರದಲ್ಲಿ ಮೇಲೇಳಬೇಡಿ. ಹೊರಡಲು ಸಿದ್ಧರಾದವರು ಮನೆಯಲ್ಲಿದ್ದರೆ ಇದನ್ನು ಅವರಿಗೆ ಈ ಹೊತ್ತೇ ಓದಿ ಹೇಳಿ.

ಅತ್ತ ಭೀಮಶಿ ಫೋನಿಟ್ಟು, ಯಾರೂ ಹೇಳದೆಯೇ ಮತ್ತೆ ಬಾವಿಗೆ ಇಳಿದ. ನೀರು ಮುಚ್ಚಿಕೊಂಡಿತು. ಯಲ್ಲಕ್ಕ ಮೆಟ್ಟಿಲ ಕಲ್ಲು ಹಿಡಿದು ಬಗ್ಗಿ ನೋಡಿದಳು. ಅವನ ತಲೆ ಇನ್ನೂ ಕಂಡಿರಲಿಲ್ಲ. ಪಟಪಟನೆ ಗುಳ್ಳೆಗಳು ಮೇಲೆ ಬಂದು ಒಡೆದವು. ಈ ಸಲ ಅವನು ಉಸಿರು ಬಿಡುತ್ತ ಬರುತ್ತಿದ್ದ.