ಕಾಲಿಮಾನಳ ದನಿಗೆ ಪಾಲಿಶ್

"ಇದೇನ್ಲಾ ಬೋಳಿಮಗನೆ, ಮುದುಕಿ ಅಳ್ತಾವ್ಳಾ, ಇಲ್ಲಾ ತಗಡ್ ಡಬ್ಬಿಯೊಳಗೆ ಜೀರುಂಡೆ ಬಿದ್ದು ಒದ್ದಾಡ್ತಾ ಐತಾ?"

ಶೆರ್ಗಾಜಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದ. ಅದು ಬಟ್ಟಲಿಗೆ ಬಡಿದು ಬಿಸಿ ಚಹಾ ತಿಲೇಕನ ತೊಡೆಯ ಮೇಲೆ ಚೆಲ್ಲಿತು. ತಿಲೇಕ ಒರೆಸಿಕೊಳ್ಳಲಿಲ್ಲ.

"ಮಿಷನ್ ಹಾಡಿದ್ದು ಹಂಗೇ ಬರೋದು ಬೈಕೆ. ಇನ್ನೂ ಮಾಸ್ಟರಿಂಗ್ ಆಗಿಲ್ಲ."

"ಅದ್ಕೇ ಅಲ್ವೇನ್ಲಾ ನಿಂಗೆ ರೊಟ್ಟಿ ಹಾಕ್ತಿರಾದು? ಮಾಡು ಮತ್ತೆ!"

ಬಿಷ್ಕೆಕ್‌ನ ಆ ಕಟ್ಟಡ ಪೂರ್ತಿ ಶೆರ್ಗಾಜಿಯದು; ಕೆಲಸದವರೆಲ್ಲ ಅವನನ್ನು ಬೈಕೆ, ಅಂದರೆ ಅಣ್ಣ, ಅನ್ನಬೇಕು. ಮೇಲೆ ಬಟ್ಟೆ ಹೊಲಿಯುತ್ತಾರೆ, ನೆಲಮಾಳಿಗೆಯಲ್ಲಿ ಹಾಡು. ಮದುವೆ ಮನೆಯವರು ಗಂಡು ಹೆಣ್ಣಿನ ಹೆಸರು ಕೊಟ್ಟರೆ ಸಾಕು, ಮಿಷನ್ ಕಣ್ಣು ಮಿಟುಕಿಸುವಷ್ಟರಲ್ಲಿ ಹಾಡು ಕಟ್ಟಿ ಹಾಡಿಯೂ ಬಿಡುತ್ತದೆ. ಆದರೆ ಅದಕ್ಕೆ ಎದೆ ಇರುವುದಿಲ್ಲ. ಮೇಲೆಲ್ಲ ತಗಡು ಕೆರೆದ ಸದ್ದು, ಹೊಟ್ಟೆ ಟೊಳ್ಳು. ಆ ಕೆರೆತ ಹೆರೆದು, ಟೊಳ್ಳಿಗೆ ಮಾಂಸ ತುಂಬಿ, ಏರಿಳಿತ ಸಮ ಮಾಡಿ, ಕೇಳಿದವರು ಯಾರೋ ಮನುಷ್ಯರೇ ಹಾಡಿದ್ದು ಅನ್ನುವ ಹಾಗೆ ಮಾಡುವುದು ತಿಲೇಕನ ಕೆಲಸ. ಅದನ್ನು ಕೇಳಿ ಎಷ್ಟೋ ಮದುಮಗಳ ತಾಯಂದಿರು ಅತ್ತಿದ್ದಾರೆ.

ಈ ಸಲ ಬಂದದ್ದು ಮದುವೆಯ ಹಾಡಲ್ಲ.

ಹೋದ ವರ್ಷ ಮೇಲಿನ ಹೊಲಿಗೆ ಕೋಣೆಗೆ ಬೆಂಕಿ ಬಿತ್ತು. ಬುರುಲ್ ಅನ್ನುವ ಹುಡುಗಿ, ಅವಳ ಸಾಲಿನಲ್ಲಿ ಕೂತವರು, ಎಲ್ಲ ಬಾಗಿಲ ಹತ್ತಿರವೇ ರಾಶಿ ಬಿದ್ದಿದ್ದರು. ಬಾಗಿಲಿಗೆ ಹೊರಗಿನಿಂದ ಬೀಗ. ಹುಡುಗಿಯರು ಹೊರಗೆ ಹೋಗಿ ಹೊತ್ತು ಕಳೆಯುತ್ತಾರೆ ಅಂತ ಶೆರ್ಗಾಜಿಯೇ ಹಾಕಿಸಿದ್ದು. ಮಿಲಿಷಿಯಾ ಪೊಲೀಸರು ವೈರಿನ ತಪ್ಪು ಅಂತ ಬರೆದುಕೊಂಡು ಹೋದರು. ಮಣ್ಣು ಮಾಡುವ ದಿನ ಬುರುಲಳ ತಾಯಿ ಕಾಲಿಮಾನ್ ಹಾಡಿ ಹಾಡಿ ಅತ್ತಳು. ಆ ಸಾವಿನ ಹಾಡನ್ನು, ಕೊಶೋಕನ್ನು, ಯಾರೋ ಫೋನಿನಲ್ಲಿ ಹಿಡಿದಿದ್ದರು. ಅವತ್ತು ಕೇಳಿದವರು ನಾಲ್ಕು ಮನೆಯವರು. ಈಗ ವರ್ಷದ ಊಟ, ಆಶ್. ಸುತ್ತಲ ಊರುಗಳೆಲ್ಲ ಬರುತ್ತವೆ, ದೊಡ್ಡ ಮನುಷ್ಯರೂ ಬರುತ್ತಾರೆ. ಖರ್ಚೆಲ್ಲ ನನ್ನದು ಅಂತ ಶೆರ್ಗಾಜಿ ಮೊದಲೇ ಸಾರಿಬಿಟ್ಟಿದ್ದ. ಆ ಫೋನಿನ ತುಣುಕನ್ನು ಮಿಷನ್ನಿಗೆ ತಿನ್ನಿಸಿ, ಮುದುಕಿಯ ದನಿ ಕಲಿಸಿ, ಮೊದಲ ಸಾಲುಗಳನ್ನು ಬಿಟ್ಟು ಉಳಿದದ್ದಕ್ಕೆಲ್ಲ ಬೇರೆ ಮಾತು ಹಾಡಿಸಿದ್ದ.

"ಕೊಶೋಕ್ ಹೇಳೋಳ ಬಾಯಿ ಯಾರೂ ಮುಚ್ಸಂಗಿಲ್ಲ, ಬೈಕೆ," ಅಂದ ತಿಲೇಕ.

"ಮುಚ್ಸೋರು ಯಾರ್ಲಾ? ಮುಚ್ಕೊಂಡಿದ್ರೂ ಹಾಡಂಗೆ ಮಾಡ್ತೀನಿ. ಹೆಂಗಸರು ಗುಡಾರದ ಗೋಡೆ ಕಡೀಕೆ ಮುಖ ಹಾಕ್ಕೊಂಡು ತಾನೇ ಅಳೋದು? ಬಂದೋರಿಗೆ ಕಾಣಾದು ಬೆನ್ನು. ತುಟಿ ಆಡ್ತೈತಾ ಇಲ್ವಾ ಅಂತ ಯಾವನ್ ಬಗ್ಗಿ ನೋಡ್ತಾನೆ?"

"ಮುದುಕಿ ಒಪ್ಪವ್ಳಾ?"

"ಗಂಟ್ಲು ಬಿದ್ದೋಗೈತೆ ಅವ್ಳಿಗೆ. 'ನಿನ್ ಹಳೇ ಹಾಡೇ ಹಾಕ್ತೀವಿ ಅಪಾ, ನಮ್ಮವ್ವಾ, ನೀನ್ ಸುಮ್ನೆ ಕೂತ್ಕೊ' ಅಂದೆ. ತಲೆ ಆಡಿಸಿದ್ಲು." ಶೆರ್ಗಾಜಿ ನಕ್ಕ. ಬಾಗಿಲ ತನಕ ಹೋದವನು ತಿರುಗಿ ನಿಂತ. "ನಿನ್ನೆಂಡ್ರು ಮೇಲೆ ಕಾಲರ್ ಹೊಲೀತಾವ್ಳಲ್ವಾ? ಒಳ್ಳೇ ಹೆಣ್ಮಗಳು ಕಣ್ಲಾ." ಜೇಬಿನ ಮೇಲೆ ಮೆಲ್ಲಗೆ ತಟ್ಟಿಕೊಂಡ. ಬೀಗದ ಕೈ ಗಿಲಗಿಲ ಅಂದಿತು.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ತಿಲೇಕನ ಹೆಂಡತಿ ಜಾರ್ಕಿನ್ ಮೆಟ್ಟಿಲ ಮೇಲೆ ಕೂತು ರೊಟ್ಟಿ ಮುರಿದು ಅವನ ಕೈಗಿಟ್ಟಳು. ಅವಳ ಹುಬ್ಬಿನ ಮೇಲೆಲ್ಲ ನೂಲಿನ ಧೂಳು.

"ಈಗ್ಲೂ ಹಾಕ್ತಾನಾ ಬೀಗ?"

"ಹಾಕ್ದೆ ಬಿಡ್ತಾನಾ? ಹೊಸ್ದು ತಂದವ್ನೆ, ಹೋರಿ ಬೀಜದಷ್ಟು ದಪ್ಪ ಐತೆ." ಅವಳೇ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನಾವೆಲ್ಲ ಆಶ್ ದಿನಕ್ಕೇ ಕಾಯ್ತಾ ಇದೀವಿ ಕಣೋ. ಕಾಲಿಮಾನ್ ಅಪಾ ಬೀಗದ್ ಮಾತು ಹೇಳೇ ಹೇಳ್ತಾಳೆ. ಅಷ್ಟು ಜನದ ಕಿವಿಗ್ ಬಿದ್ಮೇಲೆ ಇವನು ಬೀಗ ಮುಟ್ಲಿ, ನೋಡಾವ."

ತಿಲೇಕ ಮಿಷನ್ ಹಾಡಿನ ಸಂಗತಿ ಹೇಳಬೇಕು ಅಂದುಕೊಂಡ. ಆದರೆ ಉಳಿದ ರೊಟ್ಟಿ ಅವಳ ಕೈಗಿಟ್ಟು ಎದ್ದುಬಿಟ್ಟ.

ಕೆಳಗಿಳಿದು ಕೆಲಸಕ್ಕೆ ಕೂತ. ಮಿಷನ್ ಹಾಡಿದ್ದರಲ್ಲಿ ಉಸಿರೇ ಇರಲಿಲ್ಲ. ಮುದುಕಿ ಒಂದು ಸಲವೂ ಉಸಿರು ತೆಗೆದುಕೊಳ್ಳದೆ ಶೆರ್ಗಾಜಿಯನ್ನು ಹೊಗಳುತ್ತಿದ್ದಳು. *ಕೂಸುಗಳಿಗೆ ತಂದೆಯಾದ ಶೆರ್ಗಾಜಿ, ವಿಧಿ ಹಚ್ಚಿದ ಬೆಂಕಿಗೆ ಯಾರ ಮೇಲೆ ದೂರು.* ಉಸಿರು ಬೇಕೆಂದರೆ ಫೋನಿನ ತುಣುಕಿನಿಂದಲೇ ಕತ್ತರಿಸಬೇಕು. ಕಿವಿಗೊಟ್ಟು ಹುಡುಕಿದ. ನಿಜವಾದ ಕಾಲಿಮಾನ್ ಕೇಳಿಸಿದಳು. *ಬಾಗಿಲು ಬಡಿದ ನಿನ್ನ ಕೈ ಸುಟ್ಟಿತು ಮಗಳೇ, ಬೀಗ ಜಡಿದ ಕೈಗೆ ಬಿಸಿಯೂ ತಾಕಲಿಲ್ಲ.* ಆ ಸಾಲಿನ ಕೊನೆಗೆ ಒಂದು ಉಸಿರಿತ್ತು, ಎದೆ ಹರಿದು ಒಳಕ್ಕೆ ಹೋದ ಉಸಿರು. ತಿಲೇಕ ಅದನ್ನು ಕತ್ತರಿಸಿ ಶೆರ್ಗಾಜಿಯ ಹೆಸರಿನ ಬೆನ್ನಿಗೆ ಹೊಲಿದ. ಹೊಲಿದು, ಕೆರೆತ ಹೆರೆದು, ಗಂಟಲಿಗೆ ವಯಸ್ಸು ತುಂಬಿದ. ಹಾಡು ಜೀವಂತವಾಯಿತು. ತಲೆಯ ಮೇಲೆ ಹೊಲಿಗೆ ಮಿಷನ್‌ಗಳು ಗಡಗಡ ಅನ್ನುತ್ತಲೇ ಇದ್ದವು.

ಆಶ್ ದಿನ ಕಾಲಿಮಾನಳ ಊರಿನ ಬಯಲು ತುಂಬ ಗುಡಾರ. ಕುದುರೆ ಮಾಂಸ ಬೇಯುವ ಹೊಗೆ ಗಾಳಿಯಿಲ್ಲದೆ ನೆಲದ ಮೇಲೇ ಮಲಗಿತ್ತು. ಶೆರ್ಗಾಜಿ ಬಿಳಿ ಟೊಪ್ಪಿ ತೊಟ್ಟು, ಬಂದವರನ್ನೆಲ್ಲ ತಬ್ಬಿಕೊಂಡು, ಮಗಳನ್ನು ಕಳಕೊಂಡವನು ತಾನೇ ಅನ್ನುವ ಹಾಗೆ ಮೂಗು ಒರೆಸುತ್ತಿದ್ದ. ಕಾಲಿಮಾನಳ ಗುಡಾರದ ಬಾಗಿಲಿನ ಪಕ್ಕ ತಿಲೇಕ ತನ್ನ ಪೆಟ್ಟಿಗೆಯ ಮುಂದೆ ಕೂತಿದ್ದ. ಸ್ಪೀಕರ್‌ಗಳು ಕಂಬಳಿಯ ಹಿಂದೆ ಅಡಗಿದ್ದವು. ಒಳಗೆ ಕಪ್ಪು ಬಟ್ಟೆಯ ಮುದುಕಿ, ಗೋಡೆಗೆ ಮುಖ.

ಶೆರ್ಗಾಜಿ ಗದ್ದ ಎತ್ತಿದ. ತಿಲೇಕ ಹಾಡು ಬಿಟ್ಟ.

ಮೊದಲ ಸಾಲುಗಳು ಅವಳವೇ. ಗಂಡಸರು ಬಾಗಿಲ ಹೊರಗೆ ನಿಂತು ತಲೆ ತಗ್ಗಿಸಿದರು. ಕೋಲೂರಿದ ಮುದುಕನೊಬ್ಬ ಪಿಸುಗುಟ್ಟಿದ: "ಅಯ್ಯೋ, ಏನ್ ಗಂಟ್ಲಪ್ಪಾ ಇದು. ಕರುಳೇ ಕಿತ್ತು ಬತ್ತದೆ."

ಆಮೇಲೆ ಶೆರ್ಗಾಜಿಯ ಹೆಸರು ಬಂತು. ಹಿಂದೆಯೇ ಆ ಉಸಿರು.

ಅಲ್ಲಾಡುತ್ತಿದ್ದ ಮುದುಕಿಯ ಭುಜ ನಿಂತುಬಿಟ್ಟಿತು.

ಎರಡನೇ ಸಲ ಹೆಸರು ಬಂದಾಗ ಅವಳು ಕೈಯೂರಿ, ಮಂಡಿ ಎಳೆದುಕೊಂಡು, ಜನರ ಕಡೆಗೆ ತಿರುಗಿ ಕೂತಳು. ಆ ಬಯಲಿನಲ್ಲಿ ಯಾವ ಹೆಂಗಸೂ ಹಾಗೆ ತಿರುಗಿದ್ದನ್ನು ಯಾರೂ ಕಂಡಿರಲಿಲ್ಲ. ತುಟಿ ಬಿಗಿದಿತ್ತು. ಕಣ್ಣು ತೆರೆದಿತ್ತು. ಅವಳ ದನಿ ಮಾತ್ರ ಶೆರ್ಗಾಜಿಯನ್ನು ಹೊಗಳುತ್ತಲೇ ಇತ್ತು.

ಕೋಲಿನ ಮುದುಕ ಹಿಂದಕ್ಕೆ ಸರಿದ. "ಬಾಯೇ ಬಿಟ್ಟಿಲ್ವಲ್ಲೋ ಅವ್ಳು!"

"ಆರ್ಸ್ಲಾ!" ಶೆರ್ಗಾಜಿ ಹಲ್ಲು ಕಚ್ಚಿಕೊಂಡು ಹೇಳಿದ. ಆಮೇಲೆ ಕೂಗಿದ. "ಆರ್ಸ್ಲಾ ಸೂಳೆಮಗನೆ!"

ತಿಲೇಕ ಸದ್ದಿನ ಗುಂಡಿಯ ಮೇಲೆ ಕೈ ಇಟ್ಟ. ಟೀ ಹಂಚುತ್ತಿದ್ದ ಹೊಲಿಗೆ ಹೆಂಗಸರ ನಡುವೆ ಜಾರ್ಕಿನ್ ಕಂಡಳು. ಅವನನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಾಗಿಹೋಗಿತ್ತು.

ಗುಂಡಿಯನ್ನು ಪೂರ್ತಿ ಮೇಲಕ್ಕೆ ತಿರುಗಿಸಿದ. ಮುಚ್ಚಿದ ಬಾಯಿಯ ಹಾಡು ಬಯಲಿಗೆಲ್ಲ ಅಪ್ಪಳಿಸಿತು. ಕಟ್ಟಿದ ಕುದುರೆಗಳು ಹಗ್ಗ ಜಗ್ಗಿದವು.

ಶೆರ್ಗಾಜಿಯ ಆಳುಗಳು ಬಂದು ಬಿದ್ದರು. ತಿಲೇಕ ಪೆಟ್ಟಿಗೆಯನ್ನು ಅಪ್ಪಿಕೊಂಡ. ಬೆನ್ನಿಗೆ ಬಿತ್ತು, ಬಿಡಲಿಲ್ಲ. ಎಡಗಿವಿಗೆ ಬಿತ್ತು, ಆಮೇಲೆ ಬಲಗಿವಿಗೆ, ಏನೋ ಕಬ್ಬಿಣದ್ದು. ಲೋಕವೆಲ್ಲ ಒಂದೇ ಸಲಕ್ಕೆ ಬಾವಿಯೊಳಗೆ ಮುಳುಗಿದ ಹಾಗಾಯಿತು. ಯಾರೋ ವೈರು ಕಿತ್ತರು. ಹಾಡು ನಿಂತದ್ದು ಅವನಿಗೆ ಕೇಳಿಸಲಿಲ್ಲ, ಜನರ ಮುಖ ನೋಡಿ ತಿಳಿಯಿತು.

ಕೆನ್ನೆ ಮಣ್ಣಿಗೊತ್ತಿ ಬಿದ್ದಲ್ಲಿಂದಲೇ ನೋಡಿದ. ಮುದುಕಿ ಬಾಯಿ ತೆರೆದಳು. ಕತ್ತಿನ ನರ ಉಬ್ಬಿತು. ಬಿದ್ದುಹೋದ ಗಂಟಲಿನಿಂದ ಅವಳು ಏನು ಹೇಳುತ್ತಿದ್ದಾಳೆ, ಒಂದಕ್ಷರವೂ ಅವನಿಗೆ ಮುಟ್ಟಲಿಲ್ಲ. ಊಟಕ್ಕೆ ಕೂತಿದ್ದವರು ಕುದುರೆ ಹಾಲಿನ ಕುಮಿಸ್ ಬಟ್ಟಲು ಕೆಳಗಿಟ್ಟರು. ಹೊಲಿಗೆ ಹೆಂಗಸರು ಟೀ ಕೆಟಲು ಕೆಳಗಿಟ್ಟರು. ಒಬ್ಬೊಬ್ಬರೇ ಎದ್ದು ನಿಂತು ಶೆರ್ಗಾಜಿಯ ಕಡೆ ತಿರುಗಿದರು.

ಶೆರ್ಗಾಜಿಯ ಬಾಯಿಯೂ ಆಡುತ್ತಿತ್ತು.