ಮಾತ್ರೆ ಹೊತ್ತಿನ ಮಾತು

"ಬಿಚ್ರೀ ಅದನ್ನ!" ಎಂದು ಬಚ್ಚಪ್ಪ ಶಾಮಿಯಾನದ ಕಂಬಕ್ಕೆ ಬಿಗಿದಿದ್ದ ಬ್ಯಾನರಿನ ದಾರವನ್ನು ತಾನೇ ಕಿತ್ತೆಳೆದ. ಬ್ಯಾನರಿನಲ್ಲಿ ಅವನ ಹೆಂಡತಿ ಚಿಕ್ಕವೆಂಕಟಮ್ಮ ಆಶಾ ಕಾರ್ಯಕರ್ತೆಯ ಸೀರೆಯುಟ್ಟು ನಗುತ್ತಿದ್ದಳು. ಕೆಳಗೆ 'ಆರೋಗ್ಯ ಅರಿವಿನ ಮಹಾತಾಯಿಗೆ ಶ್ರದ್ಧಾಂಜಲಿ'. ಅದರ ಕೆಳಗೆ, ಕೈ ತೊಳೆಯುವ ಆರು ವಿಧಾನಗಳು, ಚಿತ್ರಸಮೇತ.

"ಎಣ ಮುಂದೆ ಮಲ್ಗಿದೆ. ಈಗ ಕೈ ತೊಳ್ಯದು ಏಳ್ಕೊಡ್ತೀರಾ?"

ಆರೋಗ್ಯ ಇಲಾಖೆಯ ಅರಿವು ಯೋಜನೆಯ ಮೇಲ್ವಿಚಾರಕ ಶ್ರೀಧರ್ ತಡವರಿಸಿದ. "ಜನ ಸೇರಿದ್ದಾರಲ್ಲ ಸರ್, ಒಂದು ಸಂದೇಶ ತಲುಪಲಿ ಅಂತ..."

"ತಲುಪ್ತು. ಇನ್ನು ಮಡಚಿ."

ಮೆದುಳಿನಲ್ಲಿ ರಕ್ತಸ್ರಾವವಾಗಿ ಹನ್ನೊಂದು ದಿನ ಕೋಲಾರದ ಆಸ್ಪತ್ರೆಯಲ್ಲಿದ್ದು ತೀರಿಕೊಂಡ ಚಿಕ್ಕವೆಂಕಟಮ್ಮನನ್ನು ಬೆಳಿಗ್ಗೆ ಕೋರಮಂಡಲ್‌ನ ಹಳೆಯ ಗಣಿ ಕಾರ್ಮಿಕರ ಸಾಲಿನ ಲೈನ್ ಮನೆಗೆ ತಂದಿದ್ದರು. ಆಗಿನಿಂದ ಜನ ಬರುತ್ತಲೇ ಇದ್ದರು. ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಅಳುತ್ತಿದ್ದರು. ಅತ್ತು ಮುಗಿಸಿದವರು ಬಚ್ಚಪ್ಪನ ಕಡೆ ತಿರುಗಿದಾಗ ಮಾತ್ರ ಅವರ ಮುಖ ಬೇರೆಯಾಗುತ್ತಿತ್ತು, ಹಳೆಯ ಪರಿಚಯದವನನ್ನು ಕಂಡಂತೆ. ಹಿಂದಿನ ಸಾಲುಮನೆಯ ಯಾರೋ ಹೆಂಗಸು ಕಾಫಿ ತಂದುಕೊಟ್ಟು, "ಸಕ್ಕರೆ ಕಮ್ಮಿ ಆಕಿದೀನಿ. ನೀವು ಡಬ್ಬದಿಂದ ಕದ್ದು ಆಕ್ಕೊಂತೀರಂತಲ್ಲ," ಎಂದಳು. ಬಚ್ಚಪ್ಪ ಆಕೆಯ ಮುಖವನ್ನು ಅದುವರೆಗೆ ನೋಡಿರಲಿಲ್ಲ.

"ಇವ್ರಿಗೆಲ್ಲ ಯಾರಮ್ಮಾ ಏಳಿದ್ದು?" ಎಂದು ಮಗಳು ಭಾರ್ಗವಿಯನ್ನು ಕೇಳಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಬೇರೆ ಕಡೆ ನೋಡಿದಳು.

*

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಚಿಕ್ಕವೆಂಕಟಮ್ಮ ಮನೆಗೆ ಬಂದವಳೇ ಇಲಾಖೆಯ ಚಿತ್ರದ ಪುಸ್ತಕವನ್ನು ಮಂಚದ ಮೇಲೆ ಎಸೆದಿದ್ದಳು.

"ಕೊನೇ ಮನೆ ಮುನಿರಾಜು ಮಾತ್ರೆ ನುಂಗಲ್ಲ ಅಂತಾನೆ. ಟಿ.ಬಿ. ಅಂದ್ರೇನು, ಎಂಗೆ ಅಂಟ್ತದೆ, ಎಲ್ಲಾ ಓದಿ ಏಳಿದೆ. ಗೋಡೆ ನೋಡ್ಕೊಂಡು ಕುಂತವ್ನೆ."

ಮುನಿರಾಜು ಬಂಗಾರಪೇಟೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವನು. ರೋಗ ಗೊತ್ತಾದ ಮೇಲೆ ಹೆಂಡತಿ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಳು.

"ಸಾಯ್ಲಿ ಬಿಡು ಅತ್ಲಾಗೆ," ಎಂದ ಬಚ್ಚಪ್ಪ. "ಗಂಟೆ ಒಂಬತ್ತಾಯ್ತು. ನನ್ ಮುದ್ದೆ ಎಲ್ಲಿ?"

ಅವಳು ಗಂಡನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದಳು. ಜಗಳಕ್ಕೆ ಬರುತ್ತಾಳೆ ಎಂದು ಅವನು ಸಿದ್ಧನಾದ. ಆದರೆ ಅವಳು ಏನೋ ಹೊಳೆದವಳಂತೆ ತುಟಿಯಲ್ಲೇ ನಕ್ಕು ಒಲೆಯ ಕಡೆ ಹೋದಳು. ಮರುದಿನದಿಂದ ಪುಸ್ತಕ ಮನೆಯಲ್ಲೇ ಉಳಿಯಿತು. ಏಕೆಂದು ಅವನು ಕೇಳಲಿಲ್ಲ.

*

ಮಣ್ಣು ಮಾಡುವ ಜಾಗದಲ್ಲಿ ಗುಂಡಿ ಅರ್ಧ ಆಗಿತ್ತು. ಬೇಡವೆಂದರೂ ಕೇಳದೆ ಗುದ್ದಲಿ ಹಿಡಿದಿದ್ದ ಮುನಿರಾಜು ಕೆಮ್ಮುತ್ತಾ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕುಳಿತ.

"ಮಾತ್ರೆ ತಗೋತಿದೀಯ ತಾನೇ?" ಎಂದ ಶ್ರೀಧರ್.

ಮುನಿರಾಜು ಅಡ್ಡಡ್ಡ ತಲೆಯಾಡಿಸಿದ. "ಅಕ್ಕ ಆಸ್ಪತ್ರೆಗೋದಾಗ್ಲಿಂದ ಇಲ್ಲ."

"ಹನ್ನೊಂದು ದಿನ! ಏನಾಗುತ್ತೆ ಗೊತ್ತೇನಪ್ಪ?" ಶ್ರೀಧರ್ ಚೀಲದಿಂದ ಕರಪತ್ರ ತೆಗೆದು ಓದತೊಡಗಿದ. ಚಿಕಿತ್ಸೆಯ ನಿರಂತರತೆ, ಔಷಧ ನಿರೋಧಕತೆ. ಮುನಿರಾಜು ಅದನ್ನು ಇಸಿದುಕೊಂಡು ನಾಲ್ಕಾಗಿ ಮಡಿಸಿ ಬೆವರೊರೆಸಿಕೊಂಡ.

"ಅಕ್ಕ ಇದೆಲ್ಲ ಏಳ್ತಿರ್ಲಿಲ್ಲ."

ಬಚ್ಚಪ್ಪನಿಗೆ ರೇಗಿತು. "ಮತ್ತಿನ್ನೇನ್ಲಾ ಏಳ್ತಿದ್ಲು? ದಿನಾ ಒಂದೊಂದ್ ಗಂಟೆ ನಿನ್ ಮನೆ ಮೆಟ್ಲ ಮ್ಯಾಲೆ ಕುಂತಿರ್ತಿದ್ಲಲ್ಲ!"

ಮುನಿರಾಜು ಮಣ್ಣು ನೋಡುತ್ತಾ ಹೇಳಿದ: "ನಿಮ್ ಮ್ಯಾಲೆ ದೂರು ಬಾವ."

ಗುಂಡಿಯೊಳಗೆ ಅಗೆಯುತ್ತಿದ್ದ ಇನ್ನೊಬ್ಬ ಕೈ ನಿಲ್ಲಿಸಿದ.

"ಮೊದ್ಲು ಪುಸ್ತಕ ತೋರ್ಸೋಳು. ಎದ್ದೋಗು ಅಂದ್ಬುಟ್ಟೆ. ಆಮ್ಯಾಕೆ ಒಂದಿನ ಬಂದು ಸುಮ್ಕೆ ಕುಂತ್ಕೊಂಡು ನಿಮ್ಮನ್ನ ಬಯ್ಯಕ್ಕೆ ಶುರು ಮಾಡಿದ್ಲು. ನೀವು ಸಕ್ಕರೆ ಕದಿಯೋದು, ಟೀವಿಲಿ ನ್ಯೂಸ್ ಓದೋನ ಜತೆ ಜಗ್ಳ ಆಡೋದು... ನಗು ತಡ್ಯಕ್ಕಾಗ್ತಿರ್ಲಿಲ್ಲ. ಸರಿಯಾದ್ ಜಾಗಕ್ಕೆ ಬಂದಾಗ ನಿಲ್ಸ್ಬುಡೋಳು. ಮಾತ್ರೆ ನುಂಗಿದ್ಮ್ಯಾಲೇ ಮುಂದಿಂದು. ಈ ಲೈನ್‌ನಾಗೆ ಎಲ್ರಿಗೂ ಅಂಗೇ ಕೊಡ್ತಿದ್ಲು."

ಬಚ್ಚಪ್ಪ ಹೆಗಲ ಮೇಲಿನ ಟವೆಲನ್ನು ಕೊಡವಿ ಮತ್ತೆ ಹೆಗಲಿಗೇ ಹಾಕಿಕೊಂಡ.

"ನಾನು ಸಾಯ್ಲಿ ಅಂದ್ರಂತಲ್ಲ ನೀವು, ಅದ್ನೂ ಏಳಿದ್ಲು. 'ನಮ್ ಎಜಮಾನ್ರ ಮಾತು ಸುಳ್ಳಾಗ್ಬೇಕು, ನುಂಗು' ಅಂದ್ಲು."

"ನನ್ ಮಾನ ಕಳ್ದು ನಿಮ್ಗೆ ಮಾತ್ರೆ ನುಂಗ್ಸಿದ್ಲಾ!" ಬಚ್ಚಪ್ಪ ಕೂಗಿದ ರಭಸಕ್ಕೆ ದೂರದಲ್ಲಿದ್ದವರೂ ತಿರುಗಿ ನೋಡಿದರು. ಮುನಿರಾಜುವಿನ ಕೈಯಿಂದ ಗುದ್ದಲಿ ಕಿತ್ತುಕೊಂಡು ತಾನೇ ಗುಂಡಿಗಿಳಿದ.

ಶ್ರೀಧರ್ ಅಷ್ಟರಲ್ಲಿ ಡಾಕ್ಟರಿಗೆ ಫೋನ್ ಹಚ್ಚಿದ್ದ. "ಇವತ್ತೇ ಮತ್ತೆ ಶುರು ಮಾಡಬೇಕಂತೆ. ನಾಳೆ ಆಸ್ಪತ್ರೆಗೆ ಬರಬೇಕಂತೆ. ದಿನಾ ನೋಡ್ಕೊಳ್ಳೋರು ಯಾರು ಈಗ?"

ಗುಂಡಿಯೊಳಗೆ ಬಚ್ಚಪ್ಪನ ಗುದ್ದಲಿ ಒಂದು ಗಳಿಗೆ ತಡೆದು, ಮತ್ತೆ ಮಣ್ಣಿಗೆ ಬಿತ್ತು.

*

ಮಣ್ಣು ಮಾಡಿ ಬಂದು ಸ್ನಾನ ಮುಗಿಸಿದ ಬಚ್ಚಪ್ಪ ಒದ್ದೆ ತಲೆಯಲ್ಲೇ ಹೊರಟ.

"ಸೂತಕದಾಗೆ ಎಲ್ಲಿಗಪ್ಪಾ?" ಎಂದಳು ಭಾರ್ಗವಿ.

"ಯಾರ ಮನೆ ಒಳಿಕ್ಕೂ ಓಗಲ್ಲ. ಬತ್ತೀನಿ ಇರು."

ಕೊನೆಯ ಮನೆಯ ಮೆಟ್ಟಿಲ ಮೇಲೆ ಕುಳಿತ. ಮುನಿರಾಜು ಬಾಗಿಲಲ್ಲಿ ನಿಂತ.

"ಮಾತ್ರೆ ತಗೊಂಬಾರ್ಲಾ. ನೀರೂ ತಾ."

ಮುನಿರಾಜು ತಂದ, ಆದರೆ ಅಂಗೈಯಲ್ಲಿ ಇಟ್ಟುಕೊಂಡು ಕಾಯುತ್ತಾ ಕುಳಿತ. ಬಚ್ಚಪ್ಪ ಗಂಟಲು ಸರಿಮಾಡಿಕೊಂಡ, ಬೀದಿ ನೋಡಿದ, ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡ.

"ಮೂವತ್ತೊಂದು ವರ್ಸ," ಎಂದ ಕೊನೆಗೆ, ಸಿಟ್ಟಿನಿಂದಲೇ. "ಮೂವತ್ತೊಂದು ವರ್ಸದಾಗೆ ಒಂದಿನ ಒತ್ತಿಗೆ ಸರ್ಯಾಗಿ ಮುದ್ದೆ ಇಕ್ಕಿಲ್ಲ ಕಣ್ಲಾ ಅವ್ಳು. ಕೇಳಿದ್ರೆ ಏನನ್ನೋಳು ಗೊತ್ತಾ?" ಅಲ್ಲಿಗೆ ನಿಲ್ಲಿಸಿ ಮುನಿರಾಜುವಿನ ಅಂಗೈ ನೋಡಿದ.

"ಏನನ್ನೋಳು ಬಾವ?"

"ನುಂಗು ಮೊದ್ಲು."

ಮುನಿರಾಜು ನುಂಗಿ, ನೀರು ಕುಡಿದು, ಬಾಯಿ ತೆರೆದು ತೋರಿಸಿದ.

ಎದುರು ಮನೆಯ ಬಾಗಿಲು ಕಿರುಗುಟ್ಟಿತು. ಮುದುಕಿ ಸರಸ್ವತಮ್ಮ ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದರಲ್ಲಿ ಬೀಪಿ ಮಾತ್ರೆಯ ಹಾಳೆ ಹಿಡಿದು, ಗೋಡೆ ಆಸರೆಯಲ್ಲಿ ಬೀದಿ ದಾಟಿ ಬಂದು ಕೆಳಗಿನ ಮೆಟ್ಟಿಲ ಮೇಲೆ ಕುಳಿತಳು.

"ವಸಿ ಜೋರಾಗಿ ಏಳಪ್ಪಾ, ನಂಗೆ ಕಿವಿ ಮಂದ," ಎಂದಳು.

ಬಚ್ಚಪ್ಪ ಗೊಣಗುತ್ತಾ ಕಾಲು ಮಡಿಸಿ ಆಕೆಗೆ ಜಾಗ ಬಿಟ್ಟ.